ಗೇಣುದ್ದದ ನಮ್ಮ ಯಜಮಾನರಿಗೆ

ಬಂಗಾರಪೇಟೆ
ಆಷಾಢ ಮಾಸ, ೧೯೫೮

ಅರಳಿಯ ದಾಯಾದಿಗಳೂ, ಆಲದ ಅಣ್ಣತಮ್ಮಂದಿರೂ, ವಿಲಾಯಿತಿ ದೊರೆಯ ಸಾಕುಮಗನೂ, ನಮ್ಮ ತಂದೆ ಸೀನಪ್ಪನವರ ಕಣ್ಮಣಿಯೂ, ದೇವರು ಮೆಚ್ಚುವಂತೆ ಅಲ್ಲದಿದ್ದರೂ ಜೋಯಿಸರು ಮೆಚ್ಚುವಂತೆ ನನ್ನ ಕೈಹಿಡಿದ ಪತಿಯೂ ಆದ ಶ್ರೀಮಾನ್ ಕುಳ್ಳ ಅತ್ತಿಗಿಡದವರ ಪಾದಗಳಿಗೆ, ಅಂದರೆ ಬೇರುಗಳಿಗೆ, ಮುನಿನಾರಾಯಣಮ್ಮ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ನನಗೆ ಗೊತ್ತೇ ಇದೆ. ಹೇಗೆ ಗೊತ್ತು ಎಂಬುದನ್ನು ಕೊನೆಗೆ ಅರಿಕೆ ಮಾಡಿಕೊಳ್ಳುತ್ತೇನೆ. ಹೆಂಡತಿಯಾದವಳು ಗಂಡನ ಮೇಲೆ ಊರೆಲ್ಲ ಓದುವಂತೆ ದೂರು ಬರೆಯುವುದು ನಮ್ಮ ಕಡೆ ಮರ್ಯಾದೆಯಲ್ಲ ಎಂಬುದು ನನಗೂ ತಿಳಿದಿದೆ. ಆದರೆ ತಮಗೆ ಓದಲು ಬರುವುದಿಲ್ಲ, ನನ್ನನ್ನು ನೋಡಲು ಬಂದ ಮಾಲೂರಿನವರಿಗೆ ಬರುತ್ತದೆ. ಆದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಕ್ಷಮಿಸಬೇಕು.

ತಾವು ನಮ್ಮ ಮನೆಗೆ ಬಂದ ಸಂದರ್ಭವನ್ನು ತಮಗೇ ನೆನಪಿಸುವುದು ಅಧಿಕಪ್ರಸಂಗ. ಆದರೂ ಓದುವ ಬೇರೆಯವರ ಸಲುವಾಗಿ ಬರೆಯಬೇಕಾಗಿದೆ. ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದ ವರ್ಷ ಊರಿಗಾಂನ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತಿದರು. ಅವರ ಬಂಗಲೆಯ ಸಾಮಾನು ಹರಾಜಾದಾಗ ಅಪ್ಪನ ಆಫೀಸಿನ ಗುಮಾಸ್ತರಲ್ಲಿ ಒಬ್ಬರಿಗೆ ಸೋಫಾ, ಒಬ್ಬರಿಗೆ ನಿಲುವುಗನ್ನಡಿ, ಇನ್ನೊಬ್ಬರಿಗೆ ಬಾರಿಸಲು ಬಾರದ ಪಿಯಾನೋ ಸಿಕ್ಕಿತು. ಅಪ್ಪನ ಅಕ್ಷರ ಮುದ್ದಾಗಿದೆಯೆಂದು ಮೆಚ್ಚಿದ್ದ ದೊರೆಯೊಬ್ಬ ಅಪ್ಪನನ್ನು ಬೇರೆಯಾಗಿ ಕರೆದು, ಒಂದು ಚಪ್ಪಟೆ ಮಣ್ಣಿನ ತಟ್ಟೆಯಲ್ಲಿ ನಿಂತಿದ್ದ ತಮ್ಮನ್ನು ಕೊಟ್ಟ. ಸಾಯಂಕಾಲದ ರೈಲಿನಲ್ಲಿ ಅಪ್ಪ ತಮ್ಮನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬಂದರು. ಇದು ನಲವತ್ತು ವರ್ಷದ ಮರ, ಬೇರು ಕತ್ತರಿಸಿ ಕತ್ತರಿಸಿ ಗೇಣುದ್ದಕ್ಕೆ ನಿಲ್ಲಿಸಿದ್ದಾರೆ ಎಂದು ಅಪ್ಪ ವಿವರಿಸಿದಾಗ ನಮ್ಮ ತಾಯಿ ಅಕ್ಕಯ್ಯಮ್ಮ, "ನಲವತ್ತು ವರ್ಸ ಅನ್ನ ಆಕಿದ್ರೂ ಇಷ್ಟೇ ಇದ್ರೆ, ಆ ದೊರೆ ಎಂಥಾ ಜಿಪುಣ ಇರ್ಬೇಕು!" ಎಂದಳು. ಆ ಮಾತಿನಿಂದ ತಮಗೆ ನೋವಾಗಿದ್ದರೆ ಅವಳ ಪರವಾಗಿ ಕ್ಷಮೆ ಕೇಳುತ್ತೇನೆ.

ಅಂದಿನಿಂದ ನಮ್ಮ ಮನೆಯಲ್ಲಿ ತಮ್ಮದೇ ದರ್ಬಾರು. ಭಾನುವಾರ ಬಂದರೆ ಅಪ್ಪ ಸ್ನಾನ ಮಾಡಿ, ಮಡಿ ಉಟ್ಟು, ದೊರೆ ಕೊಟ್ಟಿದ್ದ ಪುಟ್ಟ ಕತ್ತರಿ ಹಿಡಿದು ತಮ್ಮ ಮುಂದೆ ಕೂರುತ್ತಿದ್ದರು. ಯಾವ ಚಿಗುರು ಉಳಿಯಬೇಕು, ಯಾವುದು ಹೋಗಬೇಕು ಎಂದು ನಿಶ್ಚಯಿಸಲು ಅವರಿಗೆ ಒಂದು ಬೆಳಗು ಸಾಲುತ್ತಿರಲಿಲ್ಲ. ಕೆಳಗಿನ ಕೊಂಬೆ ಬಾಗಲೆಂದು ತಾಮ್ರದ ತಂತಿ ಸುತ್ತಿದರು. ಬಿಸಿಲು ಏರಿದರೆ ಒಳಗೆ, ಇಳಿದರೆ ಹೊರಗೆ ಎತ್ತಿಟ್ಟರು. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡದ ಅಪ್ಪ ತಮ್ಮ ಮಣ್ಣನ್ನು ದಿನಾ ಬೆರಳಿಟ್ಟು ನೋಡುತ್ತಿದ್ದರು. ಮನೆಗೆ ಬಂದವರ ಮುಂದೆ ತಮ್ಮ ವಯಸ್ಸನ್ನು ಏರಿಸುವುದು, ನನ್ನ ವಯಸ್ಸನ್ನು ಇಳಿಸುವುದು ಅವರಿಗೆ ರೂಢಿಯಾಯಿತು. ತಮ್ಮ ನಲವತ್ತು ಐವತ್ತಾಯಿತು, ನನ್ನ ಇಪ್ಪತ್ತಮೂರು ಹತ್ತೊಂಬತ್ತಾಯಿತು. ಹೀಗೇ ಮುಂದುವರಿದಿದ್ದರೆ ತಾವು ಟಿಪ್ಪುವಿನ ಕಾಲದವರಾಗಿ, ನಾನು ತೊಟ್ಟಿಲಿಗೆ ಮರಳುತ್ತಿದ್ದೆ. ನನಗೆ ತಮ್ಮನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು ಬಂತು.

ಇನ್ನು ನಮ್ಮ ವಿವಾಹದ ವಿಚಾರ. ನನ್ನ ಜಾತಕದಲ್ಲಿ ಕುಜದೋಷವಿದೆ, ಮೊದಲ ಗಂಡನಿಗೆ ಕಂಟಕ ಎಂದು ಜೋಯಿಸರು ಹೇಳಿದ್ದರಿಂದ ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಎದ್ದುಹೋಗುತ್ತಿದ್ದರು. ಇದಕ್ಕೆ ಪರಿಹಾರ ತಮಗೂ ಗೊತ್ತಿರುವಂಥದ್ದೇ: ಹುಡುಗಿಯನ್ನು ಮೊದಲು ಒಂದು ಬಾಳೆಕಂದಿಗೆ ಕೊಟ್ಟು ಮದುವೆ ಮಾಡಿ, ಕೂಡಲೇ ಬಾಳೆಯನ್ನು ಕಡಿದುಹಾಕಿದರೆ ಕಂಟಕವೆಲ್ಲ ಅದರ ತಲೆಗೆ ಹೋಗುತ್ತದೆ, ಆಮೇಲೆ ಬರುವ ಮನುಷ್ಯ ಗಂಡ ನೂರು ವರ್ಷ ಬಾಳುತ್ತಾನೆ. ಅದರಂತೆ ಹೋದ ವರ್ಷದ ವೈಶಾಖದಲ್ಲಿ ಮುಹೂರ್ತವಿಟ್ಟು, ಹಿತ್ತಲಲ್ಲಿ ಒಳ್ಳೆಯ ಕುಲದ ಬಾಳೆಕಂದೊಂದನ್ನು ತಂದು ನಿಲ್ಲಿಸಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದ ಮನೆಯ ಕದಿರಮ್ಮನ ಮೇಕೆ ಮದುಮಗನನ್ನು ಬುಡದವರೆಗೆ ತಿಂದು, ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ಮೇಕೆಗೆ ಏನೂ ಆಗಲಿಲ್ಲ, ಈಗಲೂ ಗುಂಡುಕಲ್ಲಿನಂತಿದೆ.

ಜೋಯಿಸರು ಹನ್ನೊಂದರ ಗಾಡಿಗೆ ಹೊರಡಬೇಕಾಗಿತ್ತು. ಮುಹೂರ್ತ ಮೀರುತ್ತಿತ್ತು, ಅಮ್ಮ ಮೇಕೆಗೂ ಕದಿರಮ್ಮನಿಗೂ ಒಟ್ಟಿಗೇ ಶಾಪ ಹಾಕುತ್ತಿದ್ದಳು. ಆಗ ಜೋಯಿಸರ ಕಣ್ಣು ಜಗುಲಿಯ ಮೇಲಿದ್ದ ತಮ್ಮ ಮೇಲೆ ಬಿತ್ತು. ಇದೇನು ಗಿಡ ಎಂದು ಕೇಳಿದರು. ಪಾಪ, ಅಪ್ಪನಿಗೆ ತಮ್ಮ ಗುಣಗಾನಕ್ಕೆ ಯಾರಾದರೂ ಸಿಕ್ಕರೆ ಸಾಕು. ಅರಳಿಯ ಕುಲ, ಆಲದ ಗೋತ್ರ, ಐವತ್ತು ವರ್ಷ, ಸೀಮೆಗೇ ಇಂಥದಿಲ್ಲ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದರು. "ಬಾಳೆ ಇಲ್ಲದಿದ್ದರೆ ಅಶ್ವತ್ಥವೂ ಆಗುತ್ತೆ. ಇದು ಅಶ್ವತ್ಥವಲ್ಲ, ಆದರೆ ದಾಯಾದಿ. ನಡೆಯುತ್ತೆ, ತನ್ನಿ" ಎಂದು ಜೋಯಿಸರು ಮಂತ್ರ ಶುರು ಮಾಡಿಯೇಬಿಟ್ಟರು. ಬಾಸಿಂಗ ಕಟ್ಟಿದ ಮೇಲೆ ತಾವು ಕಾಣಿಸಲೇ ಇಲ್ಲ, ಬಾಸಿಂಗ ಮಾತ್ರ ಮದುವೆಯಾಯಿತು. ಅರಿಶಿನದ ಕೊಂಬಿನ ದಾರವನ್ನು ತಮಗೆ ಮುಟ್ಟಿಸಿ ಅಮ್ಮನೇ ನನ್ನ ಕೊರಳಿಗೆ ಕಟ್ಟಿದಳು. ಮೂರು ಸುತ್ತು ಬರುವಾಗ ಅಪ್ಪ ತಮ್ಮನ್ನು ತಟ್ಟೆಸಮೇತ ಎತ್ತಿಕೊಂಡು ನನ್ನ ಮುಂದೆ ನಡೆದರು. ಅಳಿಯನನ್ನು ಇಷ್ಟು ಜೋಪಾನವಾಗಿ ಹೊತ್ತು ನಡೆದ ಮಾವ ಬಂಗಾರಪೇಟೆ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ.

ಮಂತ್ರ ಮುಗಿದು ಜೋಯಿಸರು, "ಹೂಂ, ಈಗ ಕಡಿಯಿರಿ" ಎಂದರು. ಅಪ್ಪ ಮಚ್ಚು ಹಿಡಿದು ತಮ್ಮನ್ನು ನೋಡಿದರು. ಮಚ್ಚು ನೋಡಿದರು. "ಇಲ್ಲ ಕಣೇ, ಕೈ ಬರಾಕಿಲ್ಲ. ಅರಳಿ ಕುಲದ್ದು, ಕಡುದ್ರೆ ಪಾಪ" ಎಂದರು. "ಮಗಳು ಮನೇಲಿ ಕೂತ್ರೆ ಪಾಪ ಅಲ್ವಾ?" ಎಂದಳು ಅಮ್ಮ. ಅಷ್ಟರಲ್ಲಿ ರೈಲು ಕೂಗಿತು. ಜೋಯಿಸರು ಪಂಚೆ ಎತ್ತಿಕೊಂಡು ಓಡುತ್ತಾ, ಗಂಡ ಕಡಿದು ಬೀಳುವತನಕ ದಾರ ತೆಗೆಯುವ ಹಾಗಿಲ್ಲ, ಅರ್ಧ ಮದುವೆ ಬಹಳ ಕೆಟ್ಟದ್ದು ಎಂದು ಬೀದಿಯ ಕೊನೆಯಿಂದ ಕೂಗಿ ಹೇಳಿದರು. ಬಾಳೆಯ ಕೈಹಿಡಿದಿದ್ದರೆ ನನ್ನ ದಾಂಪತ್ಯ ಮಧ್ಯಾಹ್ನದೊಳಗೆ ಮುಗಿದು, ದಿಂಡಿನ ಪಲ್ಯವೂ ಆಗುತ್ತಿತ್ತು. ತಮ್ಮ ಕೈಹಿಡಿದು, ಊರಿನವರ ಬಾಯಿಗೆ ಪಲ್ಯವಾದವಳು ನಾನು.

ಈಗ ನನ್ನ ದೂರುಗಳನ್ನು ಸಲ್ಲಿಸಬೇಕೆಂದು ಕುಳಿತರೆ, ಮಾನ್ಯರೇ, ಧರ್ಮಸಂಕಟವಾಗುತ್ತದೆ. ತಾವು ಕುಡಿಯುವವರಲ್ಲ, ದಿನಕ್ಕೆ ಒಂದು ಲೋಟ ನೀರು, ಅದೂ ಕೊಟ್ಟರೆ. ಇಸ್ಪೀಟಿಲ್ಲ, ಬೀಡಿಯಿಲ್ಲ, ಸಾರಿಗೆ ಉಪ್ಪು ಸಾಲದೆಂದು ತಟ್ಟೆ ಎಸೆದವರಲ್ಲ. ತಟ್ಟೆಯಲ್ಲಿ ತಾವೇ ಇದ್ದಿರಿ. ಆದರೂ ಸಂತೆಗೆ ಹೋದರೆ ಹೆಂಗಸರು ಸೆರಗು ಬಾಯಿಗಿಟ್ಟು, "ನಾರಾಯಣಮ್ಮಾ, ನಿನ್ ಗಂಡ ಚಿಗುರಿದ್ನಾ?" ಎಂದು ಕೇಳುವಾಗ ತಾವು ಒಂದು ದಿನವಾದರೂ ಬಂದು ನನ್ನ ಪಕ್ಕ ನಿಂತವರಲ್ಲ. ಪಿಳ್ಳೆಯಂತೆ ಜಗುಲಿಯಲ್ಲಿ ಕೂತು ಭಾನುವಾರದ ಕ್ಷೌರಕ್ಕೆ ಕಾಯುತ್ತಿದ್ದಿರಿ.

ಹಾಗಿದ್ದೂ ತಮ್ಮಿಂದ ನನಗೆ ಆದ ಉಪಕಾರವನ್ನು ಮರೆತರೆ ಬಾಯಲ್ಲಿ ಹುಳ ಬೀಳುತ್ತದೆ. ಎಸ್ಸೆಲ್ಸಿ ಪಾಸಾದ ದಿನದಿಂದ ಮೇಡಂ ಕೆಲಸಕ್ಕೆ ಹೋಗುತ್ತೇನೆಂದು ಅಪ್ಪನ ಕಾಲು ಹಿಡಿದಿದ್ದೆ. "ಬರೀ ಕತ್ತಿನ ಎಣ್ಣು ರೈಲಲ್ಲಿ ಓಡಾಡೋದಾ?" ಎಂಬುದೊಂದೇ ಉತ್ತರ. ತಮ್ಮ ಹೆಸರಿನಲ್ಲಿ ಕಟ್ಟಿದ ದಾರದಿಂದ ನನ್ನ ಕತ್ತು ಬರಿದಾಗಿ ಉಳಿಯಲಿಲ್ಲ. ಅದನ್ನು ತೋರಿಸಿ ಕೇಳಿದೆ. ಅಪ್ಪ ಒಪ್ಪಲೇಬೇಕಾಯಿತು. ಊರಿಗಾಂನ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮೇಡಂ ಅಮ್ಮಾಜಮ್ಮನವರು ಯಜಮಾನರ ಹೆಸರೇನು ಎಂದು ಕೇಳಿದಾಗ ನಾನು ತಲೆ ತಗ್ಗಿಸಿದೆ. ಗಂಡನ ಹೆಸರು ಹೇಳದ ಹೆಂಗಸು, ಒಳ್ಳೆಯ ಮನೆತನದವಳು ಎಂದು ಮೆಚ್ಚಿ ಅಂದೇ ಕೆಲಸ ಕೊಟ್ಟರು. ಯಜಮಾನರು ಏನು ಮಾಡುತ್ತಾರೆ ಎಂದು ಮಿಕ್ಕ ಮೇಡಂಗಳು ಕೇಳಿದರೆ, ಮನೆಯಲ್ಲೇ ಇರುತ್ತಾರೆ, ಬಿಸಿಲು ಆಗುವುದಿಲ್ಲ ಎಂದೆ. ಹೊಡೆಯುತ್ತಾರಾ ಎಂದರೆ, ಇಲ್ಲ, ನಮ್ಮಪ್ಪನೇ ಅವರನ್ನು ಹದ್ದುಬಸ್ತಿನಲ್ಲಿಟ್ಟಿದ್ದಾರೆ ಎಂದೆ. ಒಂದು ಸುಳ್ಳನ್ನೂ ಆಡಲಿಲ್ಲ. ಎಲ್ಲರೂ ನಿಟ್ಟುಸಿರು ಬಿಟ್ಟು, ಪುಣ್ಯ ಮಾಡಿದ್ದೀಯಾ ಎಂದರು.

ಆ ಶಾಲೆಯ ಬಗ್ಗೆ ತಮಗೆ ನಾನು ಎಂದೂ ಹೇಳಲಿಲ್ಲ, ತಾವೂ ಕೇಳಲಿಲ್ಲ. ಗಣಿ ಕೂಲಿಯವರ ಲೈನುಮನೆಗಳ ಮಕ್ಕಳು ಅವು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ನನ್ನ ಮುಂದೆ ಕನ್ನಡ. ಜಗಳ ಬಂದರೆ ಮೂರೂ. ಮಾರಿಯಮ್ಮ ಎಂಬ ಹುಡುಗಿ ಹಿಂದಿನ ಬೆಂಚಿನಲ್ಲಿ ವರ್ಷವೆಲ್ಲ ಬಾಯಿ ಬಿಡದೆ ಕೂತಿದ್ದವಳು, ಒಂದು ದಿನ ರಾಬರ್ಟ್‌ಸನ್‌ಪೇಟೆಯ ಅಂಗಡಿ ಬೋರ್ಡುಗಳನ್ನೆಲ್ಲ ಓದಿಕೊಂಡು ಬಂದೆನೆಂದು, ಉಸಿರು ಕಟ್ಟಿ, ಸಾಲಾಗಿ ನನ್ನೆದುರು ಒಪ್ಪಿಸಿದಳು. ಔಷಧಿ ಅಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಒಂದನ್ನೂ ಬಿಡಲಿಲ್ಲ. ಆ ದಿನ ನನಗಾದ ಸಂತೋಷ, ಕ್ಷಮಿಸಬೇಕು, ತಾವು ಕೈಹಿಡಿದ ದಿನ ಆಗಿರಲಿಲ್ಲ. ಈ ಕೆಲಸ ಹೋದರೆ ನಾನು ಬದುಕಿದ್ದೂ ಇಲ್ಲದಂತೆ ಎಂದು ನನಗೆ ಅಂದೇ ಗೊತ್ತಾಯಿತು.

ಹೀಗಿರುವಾಗ ಮಾಲೂರಿನಿಂದ ಕೋದಂಡಪ್ಪನವರು ಬಂದರು. ಹೆಂಚಿನ ಕಾರ್ಖಾನೆ, ಎರಡು ಮಹಡಿಯ ಮನೆ, ತೀರಿಹೋದ ಮೊದಲ ಹೆಂಡತಿ, ಸದಾ ಅಲ್ಲಾಡುವ ಮೊಣಕಾಲು. ನನ್ನನ್ನು ನೋಡಿ ಒಪ್ಪಿದರು. ತಮ್ಮನ್ನು ನೋಡಿ ಒಪ್ಪಲಿಲ್ಲ. "ಮೊದಲ್ನೇ ಗಂಡನ್ನ ಕಡುದ್ಬುಡಿ. ಆಮೇಲೆ ಇಸ್ಕೂಲು ಗಿಸ್ಕೂಲು ಬುಟ್ಬುಡ್ಲಿ. ನಮ್ಮನೇಲಿ ಎಂಗುಸ್ರು ದುಡುದು ತರೋ ಅಂಗಿಲ್ಲ" ಎಂದರು. ಶ್ರಾವಣಕ್ಕೆ ಮದುವೆ, ಅದರೊಳಗೆ ತಮ್ಮ ತೀರ್ಮಾನ ಎಂದು ಎಲೆಯಡಿಕೆ ಹಾಕಿಕೊಂಡರು. ಒಬ್ಬ ಗಂಡನಿರುವಾಗ ಇನ್ನೊಬ್ಬನನ್ನು ಕಟ್ಟಿಕೊಳ್ಳುವ ಹಾಗಿಲ್ಲವೆಂದು ಈಗ ಹೊಸ ಕಾನೂನು ಬಂದಿದೆ, ಗಂಡನನ್ನು ಬಿಡುವ ಸೋಡಚೀಟಿಗೂ ಕೋರ್ಟಿಗೆ ಹೋಗಬೇಕು ಎಂದು ನಾನು ಒಳಗಿನಿಂದಲೇ ವಾದ ಮಾಡಿದೆ. "ಗಿಡಕ್ಕೆ ಯಾವ ಕಾನೂನೇ?" ಎಂದರು ಅಪ್ಪ. ತಾಳಿಗೆ ಗಂಡ, ಕಾನೂನಿಗೆ ಗಿಡ. ಇಂಥ ಸೌಕರ್ಯ ಗಂಡಸರಿಗೆ ಮಾತ್ರ ಹೊಳೆಯುತ್ತದೆ.

ಅಂದು ತಮ್ಮಲ್ಲಿ ನಾನು ಮಾಡಿಕೊಂಡ ಪ್ರಾರ್ಥನೆ ತಮಗೆ ನೆನಪಿರಬಹುದು. ಗಂಡಸಾಗಿ ಒಂದು ಮಾತಾಡಿ ಎಂದೆ. ಆಗದಿದ್ದರೆ ಒಂದೇ ದಿನದ ಮಟ್ಟಿಗೆ ಮೊಣಕಾಲೆತ್ತರ ಬೆಳೆದು ಮಾಲೂರಿನವರ ಎದುರು ನಿಲ್ಲಿ, ಅವರ ಮೊಣಕಾಲು ಅಲ್ಲಾಡುವುದಾದರೂ ನಿಲ್ಲಲಿ ಎಂದೆ. ಅದೂ ಆಗದಿದ್ದರೆ ಜಗುಲಿಯಿಂದ ಉರುಳಿ ಅವರ ಹೊಸ ಮೆಟ್ಟಿನ ಮೇಲಾದರೂ ಬೀಳಿ ಎಂದು ಬೇಡಿಕೊಂಡೆ. ತಾವು ಎರಡು ಎಲೆ ಉದುರಿಸಿದಿರಿ. ಪತಿಯೇ ದೈವ ಎನ್ನುವುದು ಸುಳ್ಳಲ್ಲ. ಇಬ್ಬರೂ ಕರೆದಾಗ ಬರುವುದಿಲ್ಲ.

ಬರುವ ಭಾನುವಾರ ಕಡಿಯುವುದೆಂದು ನಿಶ್ಚಯವಾಯಿತು. ಅಪ್ಪ ಮಚ್ಚು ಮಸೆದು ಗೋಡೆಗೆ ಒರಗಿಸಿ, ತಮ್ಮ ಮುಂದೆ ಕೂತು ಎಲೆಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸಿದರು. ಒರೆಸುತ್ತಾ ಅತ್ತರು. ನನ್ನನ್ನು ಮಾಲೂರಿಗೆ ಕೊಡಲು ಒಪ್ಪಿದಾಗ ಒಣಗಿದ್ದ ಕಣ್ಣು ತಮಗಾಗಿ ಹರಿಯುವುದನ್ನು ನೋಡಿ ಕೋಪ ನೆತ್ತಿಗೇರಿತು; ಮರುಗಳಿಗೆಯೇ ಅವರನ್ನು ನೋಡಿ ಅಯ್ಯೋ ಎನಿಸಿತು. ಅವರ ಕೈಯಲ್ಲಿ ಈ ಕೆಲಸ ಮಾಡಿಸಬಾರದು, ನನ್ನ ಶಾಲೆಯನ್ನೂ ಬಿಡಬಾರದು ಎಂದರೆ ತಾವೇ ಈ ಮನೆಯಿಂದ ಹೊರಡಬೇಕು ಎಂದು ಆಗ ಹೊಳೆಯಿತು.

ಅದಕ್ಕೆ ಶಾಸ್ತ್ರವೂ ಸಿಕ್ಕಿತು. ಆಷಾಢದಲ್ಲಿ ಹೊಸ ದಂಪತಿಗಳು ಒಂದೇ ಸೂರಿನಡಿ ಇರಬಾರದು, ಒಬ್ಬರು ತವರಿಗೆ ಹೋಗಬೇಕು. ಹೋದ ವರ್ಷ ಈ ಪದ್ಧತಿ ತಪ್ಪಿಹೋಗಿತ್ತು. ನಾನು ಇರುವುದೇ ತವರಿನಲ್ಲಿ. ಹಾಗಾಗಿ ಹೊರಡುವ ಸರದಿ ತಮ್ಮದಾಯಿತು. ತಮ್ಮ ತವರು ಯಾವುದೆಂದು ಅಪ್ಪನೇ ನೂರು ಸಲ ಹೇಳಿದ್ದರು: ನಮ್ಮ ಶಾಲೆಯ ಪಕ್ಕದಲ್ಲಿರುವ ಆ ದೊರೆಯ ಹಳೇ ಬಂಗಲೆ. ಅದರ ಸುತ್ತ ಇರುವುದೆಲ್ಲ ತಮ್ಮದೇ ಜಾತಿಯ ಬೇಲಿ. ಅದರ ಒಂದು ಕಡ್ಡಿಯನ್ನು ಮುರಿದು ತಟ್ಟೆಗೆ ನೆಟ್ಟೇ ದೊರೆ ತಮ್ಮನ್ನು ತಯಾರಿಸಿದ್ದು. ಶುಕ್ರವಾರ ಬೆಳಿಗ್ಗೆ ತಮ್ಮನ್ನು ತಟ್ಟೆಯಿಂದ ಎಬ್ಬಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಬುತ್ತಿಯ ಜೊತೆ ಚೀಲಕ್ಕಿಳಿಸಿ, ಊರಿಗಾಂ ಮೇಲೆ ಹೋಗುವ ಮಾರಿಕುಪ್ಪಂ ಗಾಡಿ ಹತ್ತಿದೆ. ಗಂಡನೊಡನೆ ನನ್ನ ಮೊದಲ ಪ್ರಯಾಣವಾದ್ದರಿಂದ ಕಿಟಕಿಯ ಪಕ್ಕದ ಜಾಗ ತಮಗೇ ಬಿಟ್ಟುಕೊಟ್ಟೆ. ತಮಗೆ ಟಿಕೆಟ್ ತೆಗೆಯಲಿಲ್ಲ; ರೈಲ್ವೆಯವರು ಮನ್ನಿಸಬೇಕು.

ಬೇಲಿಯಲ್ಲಿ ಮೇಕೆ ತಿಂದು ಬರಿದಾದ ಒಂದು ಸಂದು ಇತ್ತು. ಮೇಕೆಗಳ ಕುಲಕ್ಕೆ ನಮ್ಮ ಸಂಸಾರದ ಮೇಲೆ ಅದೇನು ಅಕ್ಕರೆಯೋ. ಮಾಲಿ ಪೆರುಮಾಳ್ ತಮ್ಮನ್ನು ಕೈಯಲ್ಲಿ ತಿರುಗಿಸಿ ನೋಡಿ, "ಅಮ್ಮಾ, ಇದು ನಮ್ಮ ಬೇಲಿ ಪುಳ್ಳೆ ತಾನೆ! ಪಾವಂ, ಇಷ್ಟು ನಾಳು ತಟ್ಟೇಲಿ ನಿಲ್ಲಿಸಿದ್ರಾ?" ಎಂದು ತಮ್ಮನ್ನು ಬೇಲಿಯ ಮಗುವೆಂದೇ ಗುರುತಿಸಿದ. ಗುದ್ದಲಿ ತಂದು ತಾನೇ ಗುಂಡಿ ತೆಗೆದ. ಮಳೆ ಹನಿಯುತ್ತಿತ್ತು. ಹೆಣ್ಣಿಗೆ ಗಂಡನೇ ಬೇಲಿ ಎಂದು ನಮ್ಮಮ್ಮ ಹೇಳುತ್ತಲೇ ಇದ್ದಳು. ನನ್ನ ಗಂಡ ಒಬ್ಬರೇ ಆ ಮಾತನ್ನು ನಡೆಸಿಕೊಟ್ಟರು. ಅಂದು ಬೆಳಿಗ್ಗೆ ನನ್ನಿಂದಲೇ ವಿಷಯವೆಲ್ಲ ತಿಳಿದ ಅಮ್ಮಾಜಮ್ಮನವರು ಬಿಡುವಿನಲ್ಲಿ ಬಂದು, ಕನ್ನಡಕ ಏರಿಸಿ ತಮ್ಮನ್ನು ದಿಟ್ಟಿಸಿ, "ನಮ್ಮನೆಯವರಿಗಿಂತ ವಾಸಿ" ಎಂದು ಹೇಳಿ ಪಾಠಕ್ಕೆ ಹೋದರು.

ಆ ಸಾಯಂಕಾಲ ಖಾಲಿ ತಟ್ಟೆ ಕಂಡು ಅಪ್ಪ ಕೂಗಾಡಿದರು. ಅಳಿಯಂದಿರು ಆಷಾಢಕ್ಕೆ ತವರಿಗೆ ಹೋಗಿದ್ದಾರೆ ಎಂದೆ. ಶನಿವಾರ ನಾನು ಪಾಠ ಮಾಡುತ್ತಿರುವಾಗ ಕಿಟಕಿಯಿಂದ ನೋಡುತ್ತೇನೆ: ಅಪ್ಪ ಮಚ್ಚನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬೇಲಿಯುದ್ದಕ್ಕೂ ಬಗ್ಗಿ ಬಗ್ಗಿ ಬರುತ್ತಿದ್ದಾರೆ. ನನ್ನ ಕೈಯ ಸೀಮೆಸುಣ್ಣ ಮುರಿಯಿತು. "ಸಾಮೀ, ಸರ್ಕಾರಿ ಬೇಲಿ, ಕೈ ವೆಕ್ಕಬೇಡಿ!" ಎಂದು ಪೆರುಮಾಳ್ ಗದರಿದ. ಅಪ್ಪ ಒಂದು ಕಡೆ ಮೊಣಕಾಲೂರಿ ಕುಳಿತರು. ಬಹಳ ಹೊತ್ತು ಕುಳಿತಿದ್ದರು. ಮಕ್ಕಳು ಮುಂದಿನ ಸಾಲು ಏನು ಮೇಡಂ ಎಂದು ಕೇಳುತ್ತಲೇ ಇದ್ದವು, ನನಗೆ ಸಾಲು ಮರೆತುಹೋಗಿತ್ತು. ಕೊನೆಗೆ ಅಪ್ಪ ಎದ್ದು, ಪಂಚೆಯ ಮಣ್ಣು ಕೊಡವಿಕೊಂಡು, ಹಿಂದೆ ತಿರುಗಿ ನೋಡದೆ ಸ್ಟೇಷನ್ ಕಡೆ ಹೋದರು.

ಭಾನುವಾರ ಕೋದಂಡಪ್ಪನವರು ಕಡಿತ ನೋಡಲು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಅಪ್ಪ ನೆಲ ನೋಡುತ್ತಾ, "ಸಿಕ್ಲಿಲ್ಲ ಸಾಮಿ. ಬೇಲೀಲಿ ಎಲ್ಲಾ ಒಂದೇ ತರ ಅವೆ. ಯಾವನು ನಮ್ಮೋನು ಅಂತ ಎಂಗೆ ಏಳೋದು?" ಎಂದರು. ಗಂಡ ಬದುಕಿರುವ ಹೆಣ್ಣು ತಮಗೆ ಬೇಡವೆಂದು ಕೋದಂಡಪ್ಪನವರು ಎದ್ದರು. ಉಪ್ಪಿಟ್ಟು ಮಾತ್ರ ಪೂರ್ತಿ ತಿಂದಿದ್ದರು. ಅಮ್ಮ ನನ್ನನ್ನೂ ಅಪ್ಪನನ್ನೂ ಸೇರಿಸಿ ಬೈದಳು. ನಡುವೆ ಕದಿರಮ್ಮನ ಮೇಕೆಗೂ ಎರಡು ಮಾತು ಬಿತ್ತು.

ಅಪ್ಪ ಶನಿವಾರ ತೊಟ್ಟಿದ್ದ ಅಂಗಿಯನ್ನು ಒಗೆಯಲು ತೆಗೆದುಕೊಂಡೆ. ಜೇಬಿನಲ್ಲಿ ಏನೋ ಚುಚ್ಚಿತು. ತಾಮ್ರದ ತಂತಿ, ತಮ್ಮ ಕೆಳಗಿನ ಕೊಂಬೆಗೆ ಅವರೇ ಸುತ್ತಿದ್ದು. ಗಡಿಬಿಡಿಯಲ್ಲಿ ಅದನ್ನು ಬಿಚ್ಚಲು ನಾನು ಮರೆತಿದ್ದೆ. ಸುರುಳಿ ಎಲ್ಲೂ ಮುರಿದಿರಲಿಲ್ಲ, ತಮ್ಮ ಚರ್ಮ ಗೀಚದಂತೆ ನಿಧಾನವಾಗಿ ಬಿಚ್ಚಿದ್ದರು. ನಾನು ಅದನ್ನು ಖಾಲಿ ತಟ್ಟೆಯಲ್ಲಿಟ್ಟೆ. ಅಪ್ಪ ನೋಡಿದರು, ನಾನೂ ನೋಡಿದೆ. ಸೋಮವಾರ ಬೆಳಿಗ್ಗೆ ನನ್ನ ಬುತ್ತಿಯ ಮೇಲೆ ಕಡಲೆಕಾಯಿ ಹಿಂಡಿಯ ಪುಡಿಯ ಪೊಟ್ಟಣ ಇತ್ತು. "ಬೇಲಿ ಬುಡುಕ್ಕೆ ಆಕು. ಜಾಸ್ತಿ ಆಕ್ಬೇಡ, ಸುಡ್ತದೆ. ಗಾಡಿಗೆ ಒತ್ತಾಯ್ತು, ಓಗು" ಎಂದರು. ರೈಲಿನಲ್ಲಿ ಕೂತು ಅತ್ತೆ. ಗಂಡನ ನೆನಪಾಗಿರಬೇಕೆಂದು ಪಕ್ಕದಲ್ಲಿದ್ದ ಮುದುಕಿ ಸಮಾಧಾನ ಮಾಡಿದಳು.

ಆದ್ದರಿಂದ ಮಾನ್ಯರಲ್ಲಿ ನನ್ನ ಕೊನೆಯ ಬಿನ್ನಹ: ತವರಿನಲ್ಲಿ ಸುಖವಾಗಿರಿ, ಬೇರು ಬೇಕಾದಷ್ಟು ಚಾಚಿ. ಆಷಾಢ ಮುಗಿಯಿತೆಂದು ಎದ್ದು ಬರುವ ತೊಂದರೆ ತೆಗೆದುಕೊಳ್ಳಬೇಡಿ. ತಾವು ನೆಟ್ಟಗೆ ನಿಂತಿರುವಷ್ಟು ಕಾಲ ನನ್ನ ಕೊರಳ ದಾರ ನಿಲ್ಲುತ್ತದೆ, ದಾರ ಇರುವಷ್ಟು ಕಾಲ ನನ್ನ ರೈಲು ಓಡುತ್ತದೆ. ನೂರು ವರ್ಷ ಬಾಳಿ. ಗಂಡನ ಆಯುಸ್ಸಿಗೆ ಇಷ್ಟು ಮನಸಾರೆ ಪ್ರಾರ್ಥಿಸುವ ಹೆಂಡತಿ ಈ ರೈಲು ಲೈನಿನಲ್ಲಿ ನಾನೊಬ್ಬಳೇ ಇರಬೇಕು.

ಇಂತು, ಸದಾ ತಮ್ಮ ನೆರಳನ್ನು ಬಯಸದ,
ತಮ್ಮ ವಿಶ್ವಾಸಿ ಧರ್ಮಪತ್ನಿ,
ಮುನಿನಾರಾಯಣಮ್ಮ, ಮೇಡಂ

ಮರೆತ ಮಾತು: ನನಗಿಂತ ಎತ್ತರ ಬೆಳೆದ ದಿನ ತಾವು ಧಾರಾಳವಾಗಿ ನಮ್ಮ ಮನೆಗೆ ಬಂದು ಕ್ರಮವಾಗಿ ಹೆಣ್ಣು ಕೇಳಬಹುದು, ಉಪ್ಪಿಟ್ಟು ಮಾಡಿ ಕಾಯುತ್ತೇನೆ. ಬೇಲಿಯನ್ನು ಯಾವ ಮಟ್ಟಕ್ಕೆ ಕತ್ತರಿಸಲಿ ಎಂದು ಪೆರುಮಾಳ್ ನಿನ್ನೆ ಕೇಳಿದ. ಅವನ ಪಕ್ಕ ನಿಂತು, ನನ್ನ ಭುಜ ತೋರಿಸಿದೆ.